ಎದುರುಮನೆಯ ಸೊಪ್ಪು

ಎದುರುಮನೆ ಜಗಲಿಯಲ್ಲಿ ಎರಡೂ ಪಕ್ಷದ ಅಭ್ಯರ್ಥಿಗಳು ಕೂತು ಮಲ್ಲಾಜಮ್ಮನ ಹೊಗೆಸೊಪ್ಪನ್ನು ಒಣಗಿಸಲೆಂದು ಪೈಪೋಟಿಯಲ್ಲಿ ಕಡ್ಡಿಗೆ ದಾರದಿಂದ ಕಟ್ಟುತ್ತಿದ್ದರು. ಓಟು ಯಾರಿಗೆಂದು ಆಕೆ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇತ್ತ ದೇವರಾಜುವಿನ ಅಂಗಳದಲ್ಲಿ ಕಟ್ಟುವ ಆಳಿಲ್ಲದೆ ಸೊಪ್ಪಿನ ರಾಶಿ ಬಾಡುತ್ತಿತ್ತು. ಸೂರಿನ ಮೇಲೆ ಮಾತ್ರ ಅಪ್ಪನ ಕಾಲದಿಂದಲೂ ಒಂದೇ ಪಕ್ಷದ ಬಾವುಟ.

"ಸ್ವಾಮಣ್ಣ, ನಮ್ಮನೇಲೂ ಸೊಪ್ಪು ಅದೆ ಕಣಣ್ಣ," ಎಂದು ತನ್ನ ಪಕ್ಷದ ಅಭ್ಯರ್ಥಿಯನ್ನು ಮತ್ತೆ ಕೂಗಿದ.

ಸ್ವಾಮಣ್ಣ ತಲೆ ಎತ್ತಲಿಲ್ಲ. "ನೀನು ನಮ್ಮೋನೇ ಅಲ್ವೇನ್ಲಾ. ನಿನ್ ತಾವ ಬಂದು ಓಟು ಏನು ಕೇಳೋದು?"

"ಅದೂ ಸರಿ ಬುಡಣ್ಣ."

ದೇವರಾಜು ಏಣಿ ಹಾಕಿ ಹತ್ತಿದ. ಬಾವುಟ ಬಿಚ್ಚಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡ. ಅವನು ಕೆಳಗಿಳಿಯುವಷ್ಟರಲ್ಲಿ ಇಬ್ಬರೂ ಅಭ್ಯರ್ಥಿಗಳು ಅವನ ಅಂಗಳದಲ್ಲಿ ಕೂತು ದಾರ ಹುಡುಕುತ್ತಿದ್ದರು.