ಕೋಳಿಗೆ ಹೇಳಿದ ಮಾತು

ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಓದಿ... ಇಲ್ಲದ ಮನೆಯವರು ಇನ್ನೂ ನಿಧಾನವಾಗಿ ಓದಿ.

ಕೊಪ್ಪಳದ ಕಡೆ ಒಂದು ಊರು. ಊರಾಚೆ ಶಿವಪುತ್ರ ಎಂಬವನ ದೊಡ್ಡ ಕೋಳಿ ಫಾರಂ, ಪಕ್ಕದಲ್ಲೇ ಮನೆ. ಮೊಟ್ಟೆಯ ವ್ಯಾಪಾರ.

ಮೊಟ್ಟೆಯ ಫಾರಂನಲ್ಲಿ ಹೆಣ್ಣಿಗೇ ಬೆಲೆ... ಮರಿ ಮಾಡಿಸುವ ಹ್ಯಾಚರಿಯಿಂದ ಹೆಣ್ಣು ಮರಿಗಳನ್ನಷ್ಟೇ ತರುತ್ತಾರೆ. ಗಂಡು ಮರಿಗಳನ್ನು ಹುಟ್ಟಿದ ದಿನವೇ ಬೇರ್ಪಡಿಸಿ ಕೊಂದುಬಿಡುತ್ತಾರೆ.

ಶಿವಪುತ್ರನ ಹೆಂಡತಿ ದಾಕ್ಷಾಯಣಿ ಒಮ್ಮೆ ಆ ಹ್ಯಾಚರಿಗೆ ಹೋಗಿದ್ದಳು. ಮರಿಯನ್ನು ಬೋರಲು ಮಾಡಿ ನೋಡುವುದು... ಇತ್ತ ಒಂದು ಬುಟ್ಟಿಗೆ, ಅತ್ತ ಒಂದು ಬುಟ್ಟಿಗೆ ಎಸೆಯುವುದು.

ಎರಡೂ ಬುಟ್ಟಿಯ ಮರಿಗಳು ಒಂದೇ ದನಿಯಲ್ಲಿ ಕೂಗುತ್ತಿದ್ದವು. ಆ ಕೂಗು ಅವಳ ಕಿವಿ ಬಿಟ್ಟು ಹೋಗಲೇ ಇಲ್ಲ.

ಏಕೆಂದರೆ ಅವಳಿಗೆ ಆಗಲೇ ಇಬ್ಬರು ಹೆಣ್ಣುಮಕ್ಕಳು... ಈಗ ಮತ್ತೆ ಬಸುರಿ.

ಆ ಮನೆಯಲ್ಲಿ ಬೈಗುಳ ಹೊಸದಲ್ಲ. ಆದರೆ ಈ ಸಲ ಗಂಡನ ಕೈಗೆ ವಿಜ್ಞಾನ ಸಿಕ್ಕಿತ್ತು.

ಫಾರಂ ಮಾಲೀಕರ ತರಬೇತಿಯಲ್ಲಿ ಪಶುವೈದ್ಯೆ ಪ್ರಫುಲ್ಲಾ ಒಂದು ಮಾತು ಹೇಳಿದ್ದರು. ಮರಿ ಗಂಡೋ ಹೆಣ್ಣೋ ಎಂಬುದು ಹುಂಜದಿಂದಲ್ಲ, ಹೇಂಟೆಯ ಮೊಟ್ಟೆಯಿಂದಲೇ ನಿರ್ಧಾರವಾಗುತ್ತದೆ ಎಂದು.

ಅಂದಿನಿಂದ ಶಿವಪುತ್ರ ಕೂಗಾಡುವುದನ್ನು ಬಿಟ್ಟ. ಮೆಲ್ಲಗೆ ಮಾತಾಡತೊಡಗಿದ... ಅವಳಿಗೆ ಅದೇ ಹೆಚ್ಚು ಹೆದರಿಕೆ.

"ನಾ ಬೈಯಾಕತ್ತಿಲ್ಲ. ಸೈನ್ಸ್ ಹೇಳ್ತೈತಿ. ದೋಷ ನಿನ್ನ ಕಡಿಗೈತಿ."

ಅತ್ತೆ ಹಂಪಮ್ಮ ಇದನ್ನು ಊರ ತುಂಬ ಹಂಚಿದಳು. "ಇಕೀನ್ನ ಫಾರಂನಾಗ ಬಿಟ್ಟಿದ್ರ ಲಾಭ ಇತ್ತು. ಮನಿಯಾಗ ಇಟ್ಕೊಂಡು ಲುಕ್ಸಾನು" ಎಂದು ನಗುತ್ತಿದ್ದಳು.

ರಾಜ್ಯದ ಗಡಿ ದಾಟಿದರೆ ಕಾನೂನಿನ ಕಣ್ಣು ತಪ್ಪಿಸಿ ಸ್ಕ್ಯಾನಿಂಗ್ ಮಾಡಿ ಗಂಡೋ ಹೆಣ್ಣೋ ಹೇಳುವವರು ಇದ್ದಾರಂತೆ. ಹೆಣ್ಣೆಂದರೆ ಅಲ್ಲೇ ಮುಗಿಸಿಕೊಂಡು ಬರುವುದಂತೆ. ತಾಯಿ ಮಗ ಸೇರಿ ದಿನ ಗೊತ್ತು ಮಾಡಿದರು.

ಒಲ್ಲೆ ಎಂದವಳಿಗೆ, ಹಾಗಾದರೆ ಎರಡೂ ಹುಡುಗಿಯರನ್ನು ಕರೆದುಕೊಂಡು ತವರಿಗೆ ನಡೆ ಎಂದರು. ಅವಳಿಗೆ ತವರೆಂಬುದು ಉಳಿದಿರಲಿಲ್ಲ.

ಆ ಬೆಳಿಗ್ಗೆ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಶಿವಪುತ್ರ ಟೈರಿನ ಗಾಳಿ ನೋಡುತ್ತಿದ್ದ. ಹಂಪಮ್ಮ ದಾರಿಗೆ ರೊಟ್ಟಿ ಕಟ್ಟುತ್ತಿದ್ದಳು.

ದಾಕ್ಷಾಯಣಿಗೆ ಹೊಟ್ಟೆಯ ಮೇಲೆ ಕೈ ಇಡಲೂ ಭಯ... ಇಟ್ಟರೆ ಮೋಹ ಹುಟ್ಟೀತು ಎಂಬ ಭಯ.

ಅಷ್ಟರಲ್ಲಿ ಕೋಳಿಗಳಿಗೆ ಲಸಿಕೆ ಹಾಕಲು ಬಂದಿದ್ದ ಅದೇ ಡಾಕ್ಟರ್ ಪ್ರಫುಲ್ಲಾ, ಶೆಡ್ಡಿನಿಂದ ಹೊರಬಂದು ಕಾರಿನ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯತೊಡಗಿದರು.

ಹುಡುಗಿಯರನ್ನೂ ತನ್ನನ್ನೂ ಬೀದಿಗೆ ಹಾಕುತ್ತಾರೆಂದು ಗೊತ್ತಿದ್ದೂ, ಅವಳು ಗಾಜು ಇಳಿಸಿದಳು.

"ಡಾಕ್ಟರಮ್ಮಾರ... ಕೋಳಿಗೆ ಹೇಳಿದ್ದು ನಮಗೂ ಹತ್ತತೈತೇನ್ರಿ?"

ಡಾಕ್ಟರ್ ಅವಳ ಮುಖ ನೋಡಿದರು. ಹೊಟ್ಟೆ ನೋಡಿದರು. ಕಾರು ನೋಡಿದರು... ಎಲ್ಲಿಗೆ ಹೊರಟಿದ್ದಾರೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

"ಇಲ್ಲವ್ವ," ಎಂದರು ಎಲ್ಲರಿಗೂ ಕೇಳುವಂತೆ. "ಮನುಷ್ಯರಲ್ಲಿ ಅದು ಉಲ್ಟಾ. ಹೆಣ್ಣಿನಲ್ಲಿ ಇರೋ ಎರಡೂ ಎಕ್ಸ್ ಕ್ರೋಮೋಸೋಮೇ. ಅವಳು ಎಕ್ಸ್ ಅಷ್ಟೇ ಕೊಡಬಲ್ಲಳು. ಗಂಡಸಿನಲ್ಲಿ ಒಂದು ಎಕ್ಸ್, ಒಂದು ವೈ. ಅವನಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಯಾವುದು ಬರಬೇಕು ಅಂತ ಅವನೂ ಆರಿಸೋಕಾಗಲ್ಲ."

ಶಿವಪುತ್ರ ನಗಲು ನೋಡಿದ. ಆಗಲಿಲ್ಲ.

ಮೆಟ್ಟಿಲ ಮೇಲೆ ರೊಟ್ಟಿಯ ಗಂಟು ಹಿಡಿದು ನಿಂತಿದ್ದ ಹಂಪಮ್ಮ, ನಿಂತಲ್ಲೇ ಕುಸಿದು ಕುಳಿತಳು.

ಶಿವಪುತ್ರನಿಗಿಂತ ಮೊದಲು ಅವಳು ಐದು ಹೆಣ್ಣು ಹೆತ್ತವಳು. ಉಳಿದದ್ದು ಎರಡು. ಮಿಕ್ಕ ಮೂರು ಏನಾದವು ಎಂದು ಆ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.

"ಹಂಗಾರ... ಅದು ನನ್ನಿಂದ ಆಗಿದ್ದಲ್ಲೇನವ್ವಾ?" ಎಂದು ಡಾಕ್ಟರನ್ನು ಕೇಳಿದಳು.

ರೊಟ್ಟಿಯ ಗಂಟನ್ನು ಎದೆಗೊತ್ತಿಕೊಂಡು ತಾನೇ ಮುಂದುವರಿಸಿದಳು.

"ನಿನ್ನ ಹೊಟ್ಟಿ ಮಾಡಿದ ಪಾಪ, ನೀನ ತೊಳಿ ಅಂದ್ರು. ಹಾಲು ಕುಡಿಸಬ್ಯಾಡ ಅಂದ್ರು... ನಾ ಕುಡಿಸಲಿಲ್ಲ. ಎದಿ ತುಂಬಿ ಸೋರತಿತ್ತು... ಕುಡಿಸಲಿಲ್ಲ."

ಇಷ್ಟು ಹೇಳಿ ಆ ಮುದುಕಿ ಅತ್ತ ಅಳು ಇದೆಯಲ್ಲ... ಶೆಡ್ಡಿನಲ್ಲಿದ್ದ ಕೆಲಸದವರೆಲ್ಲ ಹೊರಗೆ ಬಂದು ನಿಂತರು.

ಅಳುತ್ತಲೇ ಎದ್ದು ಬಂದಳು. ಕಾರಿನ ಬಾಗಿಲು ತೆರೆದಳು. ಸೊಸೆಯ ರಟ್ಟೆ ಹಿಡಿದು ಇಳಿಸಿದಳು. ಮಗ ಅಡ್ಡ ಬಂದದ್ದಕ್ಕೆ, ಮೊದಲು ನನ್ನ ದಾಟಿ ಹೋಗು ಎಂದಳು.

ಶಿವಪುತ್ರ ಡಾಕ್ಟರ ಕಡೆ ತಿರುಗಿದ. "ಹಂಗಾರ ತಪ್ಪು ನಂದಾ?" ಎಂದ. ಅವನ ದನಿಯಲ್ಲಿ ಹೆದರಿಕೆಯನ್ನು ದಾಕ್ಷಾಯಣಿ ಕೇಳಿದ್ದು ಅದೇ ಮೊದಲು.

ಇಷ್ಟು ವರ್ಷ ಅವಳ ತಲೆಯ ಮೇಲಿದ್ದ ಕಲ್ಲನ್ನು ಈಗ ಅವನ ತಲೆಗೆ ಹೊರಿಸಬಹುದಿತ್ತು... ಅವಳು ಹೊರಿಸಲಿಲ್ಲ.

"ತಪ್ಪು ಯಾರದಂತ ಯಾಕ ಹುಡುಕತೀರಿ? ಹೆಣ್ಣು ಹುಟ್ಟೋದು ತಪ್ಪ ಅಲ್ರಿ."

ಕಾರು ಅಂದು ಹೊರಡಲಿಲ್ಲ.

ಎಲ್ಲ ಸರಿಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಒಂದು ಪಾಠದಿಂದ ಗಂಡಸು ಬದಲಾಗುವುದಿಲ್ಲ. ದಾಕ್ಷಾಯಣಿಗೆ ಕಾರಿನ ಸದ್ದು ಕೇಳಿದರೆ ಎದೆ ಹಾರುವುದು ನಿಲ್ಲಲಿಲ್ಲ.

ಆದರೆ ಹೆರಿಗೆಯಾಗುವವರೆಗೂ ಹಂಪಮ್ಮ ಸೊಸೆಯ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗಿದಳು... ಹೆತ್ತ ಮಗನೇ ಎದುರು ಬಂದು ನಿಂತರೂ ಏಳಲಿಲ್ಲ.

ಕೂಸು ಹುಟ್ಟಿತು.

*ಹೆಣ್ಣು ಹುಟ್ಟಿದ್ದು ಯಾರ ತಪ್ಪೆಂದು ಹುಡುಕುವ ಮನೆಯಲ್ಲಿ, ಆ ಹುಡುಕಾಟವೇ ತಪ್ಪು.*

ಈಗ ಎದೆ ಮುಟ್ಟಿಕೊಂಡು ಹೇಳಿ... ಕೂಸು ಹುಟ್ಟಿತು ಎಂದು ಓದಿದಾಗ ನಿಮ್ಮ ಮನಸ್ಸು ಮೊದಲು ಕೇಳಿದ್ದು ಗಂಡೋ ಹೆಣ್ಣೋ ಎಂದೇ, ಅಥವಾ ಹೆತ್ತವಳು ಹೇಗಿದ್ದಾಳೆ ಎಂದೇ?