ಸದ್ದು ಮಾಡುವ ಗಾಡಿಯೇ ಬೇಕು

"ಇದು ಬೇಡ, ಅದು," ಎಂದು ಅಮ್ಮ ಕೈ ತೋರಿಸಿದ ಕಡೆ ನೋಡಿ ಅಂಗಡಿಯವನೇ ಕಕ್ಕಾಬಿಕ್ಕಿಯಾದ.

ಮಗಳು ಹಿಡಿದು ನಿಂತಿದ್ದದ್ದು ಒಂದು ಎಲೆಕ್ಟ್ರಿಕ್ ಸೈಕಲ್. ಹಸಿರು ಬಣ್ಣ, ತೆಳ್ಳನೆಯ ಮೈ, ಹಿಂದೆ ಬ್ರೆಡ್ಡಿನ ಬುಟ್ಟಿ ಕೂರುವಷ್ಟು ಜಾಗ. ಅಮ್ಮ ತೋರಿಸಿದ್ದು ಮೂಲೆಯಲ್ಲಿದ್ದ ಮೋಟರ್‌ಸೈಕಲ್ಲನ್ನು. ಕಲ್ಲು, ಕೊರಕಲು, ಕೆಸರು ಎನ್ನದೆ ನುಗ್ಗುವ ಜಾತಿಯದು. ಅದರ ಸೀಟು ಅಮ್ಮನ ಎದೆಯೆತ್ತರಕ್ಕಿತ್ತು.

ಲೋಕದ ಅಮ್ಮಂದಿರೆಲ್ಲ ಮಕ್ಕಳನ್ನು ಇಂಥ ಗಾಡಿಯಿಂದ ಇಳಿಸಲು ಹರಸಾಹಸ ಪಡುತ್ತಾರೆ. ಈ ಅಮ್ಮ ಹತ್ತಿಸಲು ಹೊರಟಿದ್ದಳು.

"ಅಮ್ಮಾ, ನಾನು ಬ್ರೆಡ್ ಹಾಕೋಕೆ ಹೋಗೋದು, ಯುದ್ಧಕ್ಕಲ್ಲ."

"ಗುಡ್ಡದ ದಾರಿ ಏನು ರಾಜಮಾರ್ಗನಾ?"

"ಈ ಸೈಕಲ್ಲಿಗೂ ಮೋಟರ್ ಇದೆ. ಆರಾಮಾಗಿ ಹತ್ತುತ್ತೆ."

"ಹತ್ತುತ್ತೆ. ಹತ್ತಿದ್ದು ಇಳಿದಿದ್ದು ಯಾರಿಗೂ ಗೊತ್ತಾಗಲ್ಲ," ಅಂದಳು ಅಮ್ಮ. "ಸದ್ದೇ ಇಲ್ವಲ್ಲೇ ಇದಕ್ಕೆ! ಗಾಡಿ ಸದ್ದು ಕಿವಿಗೆ ಬೀಳ್ತಿದ್ರೆ ನೀನು ಎಲ್ಲಿದ್ದೀಯ, ಯಾವಾಗ ಮನೆಗೆ ಬರ್ತೀಯ ಅಂತ ತಿಳಿಯುತ್ತೆ. ಆಗಲೇ ನನ್ನ ಜೀವಕ್ಕೆ ನೆಮ್ಮದಿ."

ತಾಯಿ ಕರುಳು ಕಂಡು ಅಂಗಡಿಯವನ ಕಣ್ಣು ತೇವವಾಯಿತು. ಮಗಳು ಹಿಡಿದಿದ್ದ ಸೈಕಲ್ ಬಿಟ್ಟಳು. ಇಬ್ಬರೂ ಏನೂ ಕೊಳ್ಳದೆ ಮನೆಗೆ ಬಂದರು.

ಮನೆಯೆಂದರೆ ಮುಂದೆ ಪುಟ್ಟ ಬೇಕರಿ, ಹಿಂದೆ ವಾಸ. ಅಪ್ಪ ತೀರಿಕೊಂಡ ಮೇಲೆ ಒಲೆ ಅಮ್ಮನ ಪಾಲಿಗೆ, ಗಾಡಿ ಮಗಳ ಪಾಲಿಗೆ ಬಂದಿತ್ತು. ಅಪ್ಪನ ಹಳೆಯ ಮೋಟರ್‌ಸೈಕಲ್ಲೂ ಗುಡ್ಡ ಹತ್ತುವ ಜಾತಿಯದೇ. ಬೆಳಗಾಗುವ ಮುಂಚೆ ಅದು ಗುಡುಗಿಕೊಂಡು ಹೊರಟರೆ ಬೀದಿಯಲ್ಲಿ ಅಲಾರಂ ಇಡುವ ಅಗತ್ಯವಿರಲಿಲ್ಲ. ಮೈತುಂಬ ಕಾಯಿಲೆ ಬೇರೆ. ಬ್ರೆಡ್ ಹಂಚಿ ಮರಳುವಾಗ ಮಗಳು ದಿನಾ ತಿರುವಿನ ಗ್ಯಾರೇಜಿನ ಮುಂದೆ ನಿಲ್ಲಲೇಬೇಕು. ಇವತ್ತು ಚೈನು, ನಾಳೆ ಪ್ಲಗ್ಗು. ಮೆಕ್ಯಾನಿಕ್ಕು ಪಾಪ, ಒಂದು ದಿನವೂ ಬೇಸರಿಸದೆ ಬಿಚ್ಚಿ ಜೋಡಿಸಿ ಕೊಡುತ್ತಿದ್ದ.

ಅದು ಕೊನೆಯುಸಿರು ಎಳೆಯುತ್ತಿದ್ದಾಗಲೇ ಹೆರಿಗೆ ಆಸ್ಪತ್ರೆಯ ಮೇಟ್ರನ್ ಗೇಟಿನಲ್ಲಿ ಅಡ್ಡಹಾಕಿದಳು. "ಮಲಗಿಸಿದ ಕೂಸುಗಳನ್ನೆಲ್ಲ ನಿನ್ನ ಗಾಡಿ ಎಬ್ಬಿಸುತ್ತೆ. ಸದ್ದಿಲ್ಲದ ಗಾಡಿ ತಗೊಂಡ್ರೆ ಸರಿ. ಇಲ್ಲಾಂದ್ರೆ ನಾವು ಬೇರೆ ಬೇಕರಿ ನೋಡ್ಕೊಳ್ತೀವಿ."

ಆಸ್ಪತ್ರೆ ಕೈಬಿಟ್ಟರೆ ಒಲೆ ಅರ್ಧ ಆರಿದಂತೆಯೇ. ಇದನ್ನು ಹೇಳಿದರೂ ಅಮ್ಮ ಜಪ್ಪಯ್ಯ ಅನ್ನಲಿಲ್ಲ.

ಮಗಳು ಉಳಿದ ಗಿರಾಕಿಗಳನ್ನೂ ಕೇಳಿ ನೋಡಿದಳು. ಎಲ್ಲರೂ ಸೈಕಲ್ಲಿನ ಪರ. ಅಪಸ್ವರ ತೆಗೆದವರು ಪಿಟೀಲು ಮೇಷ್ಟ್ರು ಒಬ್ಬರೇ. ಗುಡ್ಡದ ತುದಿಯಲ್ಲಿ ಮನೆ, ಒಂಟಿ ಜೀವ. ಬ್ರೆಡ್ ಹಾಕುವ ಹೊತ್ತಿಗೆ ವಾಕಿಂಗ್ ಹೋಗಿರುತ್ತಾರೆ. ಗೇಟಿಗೆ ಚೀಲ ನೇತುಹಾಕಿರುತ್ತಾರೆ. ಸಂಜೆ ಹಿಡಿದು ಕೇಳಿದಾಗ, "ಮೋಟರ್‌ಸೈಕಲ್ಲೇ ತಗೋಮ್ಮ," ಎಂದರು. "ಎಂಥ ನಾದ ಅದರದು! ಗುಡ್ಡದ ಆಚೆ ಇದ್ರೂ ಕೇಳುತ್ತೆ."

ಶಿಷ್ಯರ ಬೆರಳು ಕೂದಲೆಳೆಯಷ್ಟು ಜಾರಿದರೂ ಮುಖ ಹಿಂಡುವ ಮನುಷ್ಯ ಹೇಳುವ ಮಾತೇ ಇದು? ಪಾಪ, ಮೇಷ್ಟ್ರ ಕಿವಿ ಕೈಕೊಟ್ಟಿದೆ ಎಂದುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದೇ ಜಗಳ.

"ಅಂದ್ರೆ ನಾನು ಎಲ್ಲಿ ನಿಂತೆ, ಎಲ್ಲಿಂದ ಹೊರಟೆ ಅಂತ ನೀನು ಇಲ್ಲಿ ಕೂತು ಕೇಳಿಸ್ಕೊಳ್ತಾ ಇರ್ತೀಯ?"

"ಮತ್ತೆ? ಪ್ರತಿ ತಿರುವೂ ಕೇಳುತ್ತೆ ನಂಗೆ."

ಮಗಳು ತಲೆ ತಗ್ಗಿಸಿ ಗಬಗಬನೆ ಊಟ ಮುಗಿಸಿದಳು. ಸೈಕಲ್ಲೇ ಸೈ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದಳು. ಮರುದಿನ ಅಮ್ಮನಿಗೆ ಹೇಳದೆ ಹೋಗಿ ಕೊಂಡೂ ತಂದಳು. ಅಮ್ಮ ಅದರ ಸುತ್ತ ಒಂದು ಸುತ್ತು ಬಂದು, ಬೆಲ್ ಒತ್ತಿ ನೋಡಿ, "ಇದೇನು, ಕೆಮ್ಮಿದ ಹಾಗಿದೆ," ಎಂದು ಒಳಗೆ ಹೋದಳು.

ಮೊದಲ ಬೆಳಗ್ಗೆ! ಮಗಳಿಗೆ ಖುಷಿಯೋ ಖುಷಿ. ಗುಡ್ಡ ತಾನಾಗಿ ಕೆಳಗೆ ಜಾರಿದಂತೆ ಸೈಕಲ್ ಮೇಲೇರಿತು. ಬೀದಿನಾಯಿ ಒಂದು ಕಣ್ಣು ತೆರೆದು ಮುಚ್ಚಿತು. ಆಸ್ಪತ್ರೆಯಲ್ಲಿ ಒಂದು ಕೂಸೂ ಅಳಲಿಲ್ಲ. ಮೇಟ್ರನ್ ತಾನೇ ಬಂದು ಬುಟ್ಟಿ ಇಳಿಸಿಕೊಂಡು, ನಾಳೆಯಿಂದ ಬನ್ನೂ ಇರಲಿ ಎಂದಳು. ಗೆದ್ದ ಸುದ್ದಿ ಹೇಳಲು ಮಗಳಿಗೆ ತವಕ. ತಿರುವಿನಲ್ಲಿ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಹೊಸ ಗಾಡಿಗೆ ರಿಪೇರಿ ತಾನೇ ಏನು ಬೇಕು? ನೇರ ಮನೆಗೆ ಬಂದಳು.

ಹಿತ್ತಲ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅಮ್ಮನ ನಗು ಕೇಳಿಸಿತು. ಅಪ್ಪ ಹೋದ ಮೇಲೆ ಅಮ್ಮ ಹೀಗೆ ಬಿದ್ದುಬಿದ್ದು ನಕ್ಕದ್ದನ್ನು ಮಗಳು ಕೇಳಿರಲಿಲ್ಲ. ಮೆಲ್ಲನೆ ಇಣುಕಿದಳು.

ಪಿಟೀಲು ಮೇಷ್ಟ್ರು ಅಮ್ಮನ ಏಪ್ರನ್ ಕಟ್ಟಿಕೊಂಡು, ಮೊಳಕೈವರೆಗೆ ಹಿಟ್ಟಿನಲ್ಲಿ ಕೈ ಹುದುಗಿಸಿ ನಾದುತ್ತಿದ್ದರು. ಅವರ ಮೂಗಿನ ಮೇಲಿನ ಹಿಟ್ಟನ್ನು ಅಮ್ಮ ಒರೆಸುತ್ತಿದ್ದಳು.

ಮೇಷ್ಟ್ರ ವಾಕಿಂಗು ಯಾವ ದಿಕ್ಕಿಗೆ, ಅಮ್ಮನ ಜೀವಕ್ಕೆ ಯಾಕೆ ನೆಮ್ಮದಿ ಬೇಕಿತ್ತು ಎಲ್ಲವೂ ಒಟ್ಟಿಗೇ ಹೊಳೆಯಿತು. ಮಗಳಿಗೆ ಸಂತೋಷವಾಯಿತು. ಅಮ್ಮ ನಗುತ್ತಿದ್ದಾಳೆ, ಇನ್ನೇನು ಬೇಕು? ಆದರೆ ಇಂಥ ಅವಕಾಶ ದಿನಾ ಸಿಗುವುದಿಲ್ಲ. ನಗು ನುಂಗಿಕೊಂಡು, ಮುಖ ಗಂಟು ಹಾಕಿ, ಸೊಂಟದ ಮೇಲೆ ಕೈಯಿಟ್ಟು ಒಳಗೆ ಕಾಲಿಟ್ಟಳು.

"ಏನಮ್ಮಾ ಇದೆಲ್ಲ? ಎಷ್ಟು ದಿನದಿಂದ ನಡೀತಿದೆ?"

ಮೇಷ್ಟ್ರ ಮುಖ ಹಿಟ್ಟಿಗಿಂತ ಬಿಳಿಚಿತು. ಅಮ್ಮ ಮಾತ್ರ ಸಾವಕಾಶವಾಗಿ ಕೈ ಒರೆಸಿಕೊಂಡು ಮಗಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಅದು ಆಮೇಲೆ. ಮೊದಲು ನೀನು ಹೇಳು, ಇಷ್ಟು ಬೇಗ ಮನೆಗೆ ಬಂದ್ಯಲ್ಲ, ಆ ಮೆಕ್ಯಾನಿಕ್ ಹುಡುಗ ಇವತ್ತು ಊರಲ್ಲಿಲ್ವಾ?"