ಕೊಯ್ದ ಹೊಸ್ತಿಲು

ಬಾಡಿಗೆಗೆ ಕೊಟ್ಟಿದ್ದ ಮುಂದಿನ ಮನೆಯ ಹೊಸ್ತಿಲನ್ನು ಅದರಲ್ಲಿದ್ದ ತಿಮ್ಮರಾಜು ಕೊಯ್ದು ಹಾಕಿದ್ದ. ಬೆಳಿಗ್ಗೆ ಅಂಗಳ ಗುಡಿಸಲು ಹೋದ ಲಲಿತಮ್ಮ ಅದನ್ನು ಕಂಡವರೇ ಪೊರಕೆ ಅಲ್ಲೇ ಬಿಟ್ಟು ಹಿತ್ತಿಲ ಮನೆಗೆ ಓಡಿಬಂದರು.

"ರೀ, ಬಂದು ನೋಡಿ. ನಿಮ್ ಕೈಯಾರೆ ಮಾಡಿದ್ದ ಹೊಸ್ತಿಲ್ನ ಸೌದೆ ಕೊಯ್ದಂಗೆ ಕೊಯ್ದವ್ನೆ."

ರಾಮಚಂದ್ರಾಚಾರ್ರು ಕಾಫಿ ಲೋಟ ಕೆಳಗಿಟ್ಟರು. ಸಿಟ್ಟು ಬರಬೇಕಿತ್ತು, ಬಂದದ್ದು ಬರೀ ಆಯಾಸ. ಎರಡು ವರ್ಷದಿಂದ ಈ ಮನುಷ್ಯನ ಜೊತೆ ಹೆಣಗಿ ಹೆಣಗಿ ಸಾಕಾಗಿತ್ತು. ಹೇಳದೆ ಕೇಳದೆ ಬೀಗ ಬದಲಾಯಿಸಿದ್ದ. ಬೈಕನ್ನು ತುಳಸಿಕಟ್ಟೆಗೆ ಒರಗಿಸಿಯೇ ನಿಲ್ಲಿಸುತ್ತಿದ್ದ. ಮೋರಿ ನೀರಿನ ವಿಷಯಕ್ಕೆ ಎದುರು ಮನೆಯವರ ಮೇಲೆ ಜಗಳಕ್ಕೆ ಬಿದ್ದು, ಪೊಲೀಸರು ಇವರ ಬಾಗಿಲಿಗೆ ಬರುವಂತೆ ಮಾಡಿದ್ದ. "ಕರೆಂಟು ಕಿತ್ತಾಕಿ ಭಾವ, ತಾನೇ ಓಯ್ತಾನೆ" ಎಂದು ಲಲಿತಮ್ಮನ ತಮ್ಮ ಹೇಳುತ್ತಲೇ ಇದ್ದ. ಇನ್ನೊಬ್ಬರ ಮನೆ ಕತ್ತಲು ಮಾಡುವುದಕ್ಕೂ ಒಂದು ಹುಮ್ಮಸ್ಸು ಬೇಕು. ಅದು ಆಚಾರ್ರಲ್ಲಿ ಉಳಿದಿರಲಿಲ್ಲ.

ಇವತ್ತು ಹೇಳಿಬಿಡಬೇಕೆಂದು ಹೊರಟರು. ಬೂಕನಕೆರೆಯಿಂದ ಹೊನ್ನೆ ದಿಮ್ಮಿ ತಂದು, ಹದಿನೈದು ದಿನ ಕೂತು ಬಳ್ಳಿ ಕೆತ್ತಿದ್ದ ಹೊಸ್ತಿಲು. ಈಗ ಬಾಗಿಲ ಬುಡದಲ್ಲಿ ಸಿಬಿರೆದ್ದ ಕಟ್ಟಿಗೆಯಷ್ಟೇ ಉಳಿದಿತ್ತು.

"ಏನಪ್ಪ ಇದು? ಹೊಸ್ತಿಲು ಅಂದ್ರೆ ಏನಂತ ತಿಳ್ಕಂಡಿದ್ದೀಯ?"

ತಿಮ್ಮರಾಜು ಬಾಗಿಲಿಗೆ ಅಡ್ಡ ನಿಂತ. "ಬೇಕಾಗಿತ್ತು, ಕೊಯ್ದೆ. ಓಗುವಾಗ ಒಸದು ಹಾಕುಸ್ಕೊಡ್ತೀನಿ ಬುಡಿ."

"ನೀನು ಹಾಕ್ಸೋದೂ ಬ್ಯಾಡ. ಒಂದು ತಿಂಗ್ಳು ಟೈಮು ಕೊಡ್ತೀನಿ. ಮನೆ ಖಾಲಿ ಮಾಡು."

"ಆಯ್ತು" ಅಂದ ತಿಮ್ಮರಾಜು. ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಅವನ ಬೆನ್ನ ಹಿಂದೆ ಏನೋ ಕಿರುಗುಟ್ಟಿತು. ಗಾಲಿ ಕುರ್ಚಿಯಲ್ಲಿ ಅವನ ಹೆಂಡತಿ ಸುನಿತಾ. ಬಸ್ಸಿನಿಂದ ಬಿದ್ದು ಮೈಸೂರಿನ ಆಸ್ಪತ್ರೆ ಸೇರಿದ್ದು ಆಚಾರ್ರಿಗೆ ಗೊತ್ತಿತ್ತು. ಹಿಂದಿನ ದಿನ ಕರೆದುಕೊಂಡು ಬಂದದ್ದಾಗಲಿ, ಕಾಲು ಎರಡೂ ಹೋಗಿವೆ ಎಂಬುದಾಗಲಿ ಗೊತ್ತಿರಲಿಲ್ಲ. ಆಕೆ ಯಾರ ಮುಖವನ್ನೂ ನೋಡದೆ, ಅಂಗಳದ ಬಿಸಿಲಿನ ಕಡೆಗೆ ಚಕ್ರ ತಿರುಗಿಸಿಕೊಂಡು ಬಂದಳು. ತಿಮ್ಮರಾಜು ಪಕ್ಕಕ್ಕೆ ಸರಿದ. ಮುಂದಿನ ಗಾಲಿ ಉಳಿದ ಕಟ್ಟಿಗೆಗೆ ಸಿಕ್ಕಿಕೊಂಡು ಕುರ್ಚಿ ವಾಲಿತು. ಅವನು ತಟ್ಟನೆ ಹಿಡಿದು, ಎತ್ತಿ ದಾಟಿಸಿದ.

ಆಚಾರ್ರು ಬಗ್ಗಿ, ಗಾಲಿ ಸಿಕ್ಕಿಕೊಂಡಿದ್ದ ಕಟ್ಟಿಗೆಯನ್ನು ಮುಟ್ಟಿ ನೋಡಿದರು. "ನನ್ನ ಒಂದ್ಮಾತು ಕೇಳ್ಬಾರ್ದಾಗಿತ್ತಾ? ನಾನೇ ನೀಟಾಗಿ ಬಿಚ್ಕೊಡ್ತಿದ್ನಲ್ಲ."

"ಕ್ಯಾಲೆಂಡ್ರಿಗೆ ಒಂದು ಮೊಳೆ ಹೊಡೀಲಾ ಅಂತ ಕೇಳಿದ್ದೆ. ಗ್ವಾಡೆ ಹಾಳಾಯ್ತದೆ ಅಂದ್ರಿ. ಆವತ್ತಿಂದ ಕೇಳೋದ್ನೇ ಬುಟ್ಬುಟ್ಟೆ."

ಹಾಗೆಂದದ್ದು ಆಚಾರ್ರಿಗೆ ನೆನಪಿತ್ತು. ಹಿತ್ತಿಲ ಮನೆಗೆ ಹೋದರು. ಬರುವಾಗ ಕೈಯಲ್ಲಿ ಉಳಿ, ಕೊಡತಿ, ಉಪ್ಪುಕಾಗದ ಇದ್ದವು. ನೋಯುವ ಮಂಡಿಯನ್ನು ಬೈದುಕೊಳ್ಳುತ್ತ ಬಾಗಿಲ ಮುಂದೆ ಕೂತು, ಕಟ್ಟಿಗೆಯಲ್ಲಿ ಉಳಿದಿದ್ದ ಬಳ್ಳಿ ಕೆತ್ತನೆಯ ತುಂಡನ್ನೂ ಒಂದೊಂದೇ ಏಟಿಗೆ ಎಬ್ಬಿಸಿ ತೆಗೆದರು. ಆಮೇಲೆ ನೆಲದ ಮಟ್ಟಕ್ಕೆ ಉಜ್ಜತೊಡಗಿದರು. ಲಲಿತಮ್ಮ ಪೊರಕೆ ಹಿಡಿದು ದೂರದಲ್ಲೇ ನಿಂತಿದ್ದರು.

ತಿಮ್ಮರಾಜುಗೆ ತಡೆಯಲಾಗಲಿಲ್ಲ. "ಖಾಲಿ ಮಾಡು ಅಂದ್ರಿ. ಮತ್ತೆ ಇದ್ಯಾಕೆ ಆಚಾರ್ರೆ?"

"ಮಾಡ್ಲೇಬೇಕು ಕಣಪ್ಪ, ನಿನ್ ಜೊತೆ ಏಗಕೆ ನನ್ ಕೈಲಿ ಆಗಕಿಲ್ಲ." ಆಚಾರ್ರು ತಲೆಯೆತ್ತದೆ ಬೆರಳಿನಿಂದ ಸಿಬಿರು ಸವರಿ ನೋಡಿದರು. "ಆದ್ರೆ ಇನ್ನೂ ಒಂದು ತಿಂಗ್ಳು ಅದೆಯಲ್ಲ. ಅಲ್ಲೀಗಂಟ ಆ ತಾಯಿ ದಿನಾ ಬಿಸ್ಲಿಗೆ ಬರ್ಬೇಕಲ್ವ?"